ಅಕ್ಕನ ಕೆರೆಗೆ ನಾನು ಬಿಟ್ಟ ಹೂವು

ಶನಿವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಅಕ್ಕನಿಗೆ ಹತ್ತು ಥೇಪ್ಲಾ ರೊಟ್ಟಿ ಕಟ್ಟಿಕೊಂಡು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನಮ್ಮ ಮನೆಯಿಂದ ಹೊರಟೆ. ವಡೋದರಾಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಸರ್ಕಾರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಮಳೆಯೂ ಬರಲಿಲ್ಲ. ಇಂಥ ಸಣ್ಣ ಉಪಕಾರಗಳನ್ನು ದೇವರು ನನಗೆ ಎಂದೂ ತಪ್ಪಿಸಿಲ್ಲ.

ವಡೋದರಾದಲ್ಲಿರುವುದು ನನ್ನ ಸುಮತಿ ಅಕ್ಕ. ಭಾವನಿಗೆ ಬ್ಯಾಂಕಿನಿಂದ ಅಲ್ಲಿಗೆ ವರ್ಗವಾಗಿತ್ತು. ಮನೆಯ ಹಿಂದೆ ಕಸ ತುಂಬಿದ್ದ ಒಂದು ಕೆರೆಯನ್ನು ಅಕ್ಕ, ಪಕ್ಕದ ಮನೆಯ ನಿವೃತ್ತ ಟೀಚರು ಹಂಸಾಬೆನ್, ಮತ್ತೆ ಓಣಿಯ ನಲವತ್ತು ಮಂದಿ ಸೇರಿ ಮೂರು ವರ್ಷದಿಂದ ಬದುಕಿಸುತ್ತಿದ್ದರು. ದಡಕ್ಕೆ ಲಾವಂಚ, ಬಜೆ, ಜೊಂಡು. ನೀರಿಗೆ ತಾವರೆ, ನೈದಿಲೆ. ಅವರ ನಿಯಮ ಒಂದೇ: ಈ ಸೀಮೆಯ ನೀರಿನಲ್ಲಿ ಹುಟ್ಟಿದ ಗಿಡ ಮಾತ್ರ.

ಬಸ್ ಸ್ಟ್ಯಾಂಡಿಗೆ ಬಂದಿದ್ದ ಅಕ್ಕ ನನ್ನ ಚೀಲ ಎತ್ತಿಕೊಂಡು, "ಕೆರೆ ನೋಡಿದ್ರೆ ನಿಂಗೆ ಬೇಜಾರಾಗ್ತದೆ ಮಾರಾಯ್ತಿ. ಮೊದ್ಲು ಊಟ ಮಾಡು" ಎಂದಳು. ಮಾಡಿದ್ದು ಅನ್ನ, ಸಾರು, ಹೀರೇಕಾಯಿ ಪಲ್ಯ. ಅಷ್ಟೂ ರುಚಿ ಕೆರೆ ನೋಡುವವರೆಗೆ ಮಾತ್ರ ಉಳಿಯಿತು.

ನೀರೇ ಕಾಣಲಿಲ್ಲ. ಊದಿದ ದಂಟಿನ, ನೇರಳೆ ಹೂವಿನ ಗಿಡ ದಡದಿಂದ ದಡಕ್ಕೆ ಮುಚ್ಚಿಕೊಂಡಿತ್ತು. ಇಲ್ಲಿಯವರು ಅದಕ್ಕೆ ಜಲಕುಂಭಿ ಎನ್ನುತ್ತಾರೆ. ತಾವರೆ ಅದರ ಕೆಳಗೆ ಕೊಳೆತಿತ್ತು. ಅಂಚಿನಲ್ಲಿ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ಸತ್ತಿದ್ದವು.

ಆ ಹೂವು ನನಗೆ ಗೊತ್ತು. ಹೋದ ವರ್ಷ ಏಕಾದಶಿಗೆ ಇಲ್ಲಿಗೆ ಬಂದಾಗ, ನಮ್ಮ ಬಾಲ್ಕನಿಯ ತುಳಸಿಯ ಪಕ್ಕದ ತೊಟ್ಟಿಯಿಂದ ಒಂದೇ ಒಂದು ಗಿಡವನ್ನು ಡಬ್ಬಿಯಲ್ಲಿ ತಂದಿದ್ದೆ. ಇಷ್ಟು ಚಂದದ ಹೂವಿಗೆ ಯಾವ ನಿಯಮ ಎಂದುಕೊಂಡೆ. ಸಂಜೆ ಯಾರೂ ಇಲ್ಲದಾಗ ಅರಿಶಿನ ಕುಂಕುಮ ಇಟ್ಟು, "ಗಂಗಾಮಾತೆ, ವೃದ್ಧಿಯಾಗಲಿ" ಎಂದು ನೀರಿಗೆ ಬಿಟ್ಟಿದ್ದೆ.

ಭಾನುವಾರ ಆರು ಗಂಟೆಗೆ ಕೆರೆಗಿಳಿದವರು ನನ್ನನ್ನು ಬಿಟ್ಟರೆ ಐದೇ ಜನ. ಉಳಿದವರು ಸೋತು ಬಿಟ್ಟಿದ್ದರು. ಇಂದೂ ಆಗದಿದ್ದರೆ ಕೆರೆಯನ್ನು ಕೈಬಿಡುವುದೆಂದು ಈ ಐವರೂ ಒಪ್ಪಿಕೊಂಡಿದ್ದರು. ಮೊಣಕಾಲುದ್ದ ಕೆಸರು, ಕುದಿಯುವ ಸೆಖೆ. ಒಂದು ಬುಟ್ಟಿ ಕಿತ್ತರೆ ಪಕ್ಕದ ಗಿಡಗಳು ತೇಲಿ ಬಂದು ಆ ಜಾಗದಲ್ಲೇ ನಿಲ್ಲುತ್ತಿದ್ದವು.

"ಇದನ್ನು ತಂದು ಹಾಕಿದವನ ಮನೆ ನಲ್ಲಿಯಲ್ಲೂ ಇದೇ ಬೆಳೀಲಿ!" ಎಂದು ಹಂಸಾಬೆನ್ ಗುಜರಾತಿಯಲ್ಲಿ ಶಪಿಸಿದರು.

ನಾನು ಅಕ್ಕನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಬೇರನ್ನು ಬಿಡಲೂ ಇಲ್ಲ, ಬುಟ್ಟಿಗೆ ಹಾಕಲೂ ಇಲ್ಲ.

"ಹಂಸಾಬೆನ್‌ಗೆ ನೀನೇ ಹೇಳು. ನನ್ ಬಾಯಲ್ಲಿ ಬರೂದಿಲ್ಲ."

ಹರಕು ಗುಜರಾತಿಯಲ್ಲಿ ಹೇಳಿದೆ. ಹಂಸಾಬೆನ್ ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡಿದರು.

"ಪೂಜೆ ಮಾಡಿ ನೀರಿಗೆ ಬಿಟ್ಟಿರಾ?"

"ಹೌದು."

"ಅದೇ ತಪ್ಪಾದದ್ದು ಬೆನ್. ಸುಮ್ಮನೆ ಎಸೆದಿದ್ದರೆ ದೇವರು ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ."

ಯಾರೂ ನಗಲಿಲ್ಲ. ಅವರು ಮತ್ತೆ ಬಗ್ಗಿದರು, ನಾನೂ ಬಗ್ಗಿದೆ. ಮಧ್ಯಾಹ್ನದ ಹೊತ್ತಿಗೆ ಎರಡು ಚಾಪೆಯಗಲ ನೀರು ಕಂಡಿತು. ಎಲ್ಲಿಂದಲೋ ಒಂದು ನೀರುಕೋಳಿ ಬಂದು ಅದರಲ್ಲಿ ಈಜಿತು. ಅದನ್ನೂ ಉಪಕಾರವೆಂದು ಎಣಿಸಿಕೊಂಡೆ. ಹಂಸಾಬೆನ್ ಬುಟ್ಟಿಗಳನ್ನು ತೊಳೆದು, ಒಂದರೊಳಗೊಂದು ಇಟ್ಟು ಹಗ್ಗ ಕಟ್ಟಿದರು. ಮುಂದಿನ ಭಾನುವಾರದ ಮಾತು ಯಾರೂ ಎತ್ತಲಿಲ್ಲ.

ನಾಲ್ಕು ಗಂಟೆಗೆ ಹೊರಡುವ ಮೊದಲು ಹಿತ್ತಲಿಗೆ ಹೋಗಿ ಕೆರೆ ನೋಡಿದೆ. ಗಾಳಿ ಬೀಸಿ ಆ ಎರಡು ಚಾಪೆಯಗಲವೂ ಮುಚ್ಚಿಹೋಗಿತ್ತು. ಆಟೋ ಹತ್ತುವಾಗ ಅಕ್ಕ ಗೇಟಿನವರೆಗೆ ಬಂದಿದ್ದಳು, ಕೈಬೀಸಲಿಲ್ಲ.

ಮನೆ ತಲುಪಿದಾಗ ತೊಟ್ಟಿಯಲ್ಲಿ ಮೂರು ಹೂವು ಅರಳಿದ್ದವು. ಎಲ್ಲವನ್ನೂ ಕಿತ್ತು ಬಾಲ್ಕನಿಯ ನೆಲದಲ್ಲಿ ಒಣಗಲು ಹರಡಿದೆ. ಉಳಿದ ನೀರನ್ನು ಚೆಲ್ಲಲೆಂದು ಬಚ್ಚಲಿಗೆ ಒಯ್ದವಳು ಮೋರಿಯ ಎದುರು ನಿಂತುಬಿಟ್ಟೆ. ಈ ಮೋರಿ ಯಾವ ಕೆರೆಗೆ ಹೋಗಿ ಸೇರುತ್ತದೋ. ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿ, ಬೊಗಸೆ ಬೊಗಸೆಯಾಗಿ ತುಳಸಿಯ ಬುಡಕ್ಕೆ ಹಾಕಿದೆ. ವೃದ್ಧಿಯಾಗಲಿ ಎಂದು ಈ ಸಲ ಬೇಡಲಿಲ್ಲ.