ಒಂಬತ್ತು ಮಂದಿಯ ಸಾಲಿನಲ್ಲಿ ಐದನೆಯವರು

ನಾವೆಲ್ಲ ಅಕ್ಕ ಎಂಬಂತೆ 'ಆಪಾ' ಎಂದು ಕರೆಯುತ್ತಿದ್ದವರ ಎಡತೋಳಿನ ಬಟ್ಟೆ ಮೊಣಕೈತನಕ ಸದಾ ಹಸಿಯಾಗಿರುತ್ತಿತ್ತು. ಮುದ್ದೇಬಿಹಾಳದ ಹತ್ತಿರದ ತಮ್ಮ ಹಳ್ಳಿಯಲ್ಲಿ, ಸಣ್ಣವರಿದ್ದಾಗ, ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಮೂರು ಬೆರಳುಗಳ ತುದಿಗಳು ಹೋಗಿದ್ದವು. ಉಳಿದ ಬೆರಳುಗಳಲ್ಲೇ ಪೆನ್ನು ಹಿಡಿದು ನಮಗಿಂತ ದುಂಡಗೆ ಬರೆಯುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರು. ಎಡತೋಳಿನ ಬಟ್ಟೆಯನ್ನು ಬಿಗಿಯಾಗಿ ಮೇಲಕ್ಕೆ ಮಡಚುವುದೊಂದು ಮಾತ್ರ ಆ ಕೈಗೆ ಆಗುತ್ತಿರಲಿಲ್ಲ. ನಮಾಜಿಗೆ ಮೊದಲು ದಿನಕ್ಕೆ ಐದು ಸಲ ಕೈಕಾಲು ತೊಳೆಯುವ ವಜೂ ಹೊತ್ತಿನಲ್ಲಿ ಮಡಿಕೆ ಕೆಳಗಿಳಿದು ತೋಯುತ್ತಿತ್ತು. ಒಂದು ಸಲದ್ದು ಒಣಗುವುದರೊಳಗೆ ಇನ್ನೊಂದು ಅಜಾನ್ ಆಗುತ್ತಿತ್ತು.

"ನಾ ಮಡಚತೇನಿ ತರ್ರಿ ಆಪಾ" ಎಂದು ಎಷ್ಟು ಸಲ ಕೈ ಚಾಚಿದ್ದೇನೋ.

"ಬ್ಯಾಡವಾ. ನಾಳೆ ನೀ ಇರೂದಿಲ್ಲ. ಒಬ್ರ ಕೈ ರೂಢಿ ಆತಂದ್ರ ಬಾಳೇವು ಕಷ್ಟ ಆಗತೈತಿ" ಎನ್ನುತ್ತಿದ್ದರು.

ನಾವಿದ್ದದ್ದು ನಮ್ಮೂರುಗಳಿಂದ ಬಸ್ಸಿನಲ್ಲಿ ಆರು ತಾಸು ದೂರದ ಒಂದು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಆಪಾ ಗಣಿತದ ಎಂ.ಎಸ್ಸಿ. ಕೊನೆಯ ವರ್ಷ, ನಾನು ಮೋರಟಗಿಯಿಂದ ಹೋದ, ಎಂ.ಎ. ಮೊದಲ ವರ್ಷದ ಅಂಜುಬುರುಕಿ. ನಮ್ಮ ರೂಮಿನ ಮೂರನೆಯವಳು ಲಚ್ಯಾಣದ ಹುಡುಗಿ, ಮಠದ ಪ್ರಸಾದವನ್ನು ಊರಿಂದ ಡಬ್ಬಿಯಲ್ಲಿ ತಂದು ನಮಗೂ ಹಂಚುವಾಕೆ. ನಾನೂ ಆಪಾ ಇಬ್ಬರೂ ಮನೆಯಲ್ಲಿ ಆಡುವುದು ಉರ್ದು. ಆದರೂ ರೂಮಿನಲ್ಲಿ ಕನ್ನಡವೇ ಆಗಬೇಕು ಎಂಬುದು ಆಪಾರ ಕಾನೂನು. ಲಚ್ಯಾಣದವಳಿಗೆ ತಿಳಿಯದಂತೆ ಒಂದು ಮಾತೂ ಆಡುವಂತಿರಲಿಲ್ಲ, ಆಕೆಯನ್ನೇ ಬೈಯಬೇಕಾದರೂ ಕನ್ನಡದಲ್ಲೇ ಬೈಯಬೇಕಿತ್ತು.

ನಾವು ಬೆಳಗ್ಗೆ ಕ್ಲಾಸು ತಪ್ಪಿಸಿ ಮಲಗಿದರೆ ಹೊದಿಕೆ ಎಳೆದು ಎಬ್ಬಿಸುತ್ತಿದ್ದರು. ಆಗ ಗಾಜಾದ ಸುದ್ದಿ ದಿನವೂ ಫೋನಿನಲ್ಲಿ ಬರುತ್ತಿದ್ದ ಕಾಲ. "ಅಲ್ಲಿ ಹುಡುಗ್ಯಾರಿಗೆ ಯೂನಿವರ್ಸಿಟಿನ ಉಳದಿಲ್ಲ, ನಿಮಗಿಲ್ಲಿ ಇದ್ದದ್ದಕ್ಕ ನಿದ್ದಿ ಬಂದೈತಿ. ಏಳ್ರಿ!" ಅಳುವುದು, ಘೋಷಣೆ ಕೂಗುವುದು ಅವರ ಜಾಯಮಾನವಲ್ಲ. ಯಾವುದಕ್ಕಾದರೂ ನಾವು ದಿಗಿಲು ಬಿದ್ದರೆ ಬಾಯಲ್ಲಿ ಒಂದೇ ಮಾತು: "ನೋಡೂಣಂತ, ಕುಂದ್ರು."

ಆ ವರ್ಷದ ರಂಜಾನಿನಲ್ಲಿ ಹಾಸ್ಟೆಲಿನ ಒಂಬತ್ತು ಮಂದಿ ಮುಸ್ಲಿಂ ಹುಡುಗಿಯರು ಟೆರೇಸಿನ ಮೇಲೆ ಕೂಡಿ ದಿನದ ಉಪವಾಸ, ರೋಜಾ, ಬಿಡುತ್ತಿದ್ದೆವು. ಖರ್ಜೂರ, ಕಲ್ಲಂಗಡಿ, ಮೆಸ್ಸಿನವರು ಕೊಟ್ಟ ಭಜಿ. ಹತ್ತನೆಯದೊಂದು ತಾಟನ್ನು ಆಪಾ ಖಾಲಿ ಇಡುತ್ತಿದ್ದರು. "ಇದು ಅವರದು" ಎನ್ನುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಪಾಲಿನಿಂದ ಒಂದು ತುಣುಕು ಆ ತಾಟಿಗೆ ಹಾಕಬೇಕು. ಅದು ಗೇಟಿನ ಕಾವಲುಗಾರ ಕಾಕಾರಿಗೆ ಹೋಗುತ್ತಿತ್ತು. ಗಾಜಾಕ್ಕೆ ಇಲ್ಲಿಂದ ಭಜಿ ಮುಟ್ಟುತ್ತದೇನ್ರಿ ಎಂದು ನಾನು ನಕ್ಕರೆ, "ಮುಟ್ಟೂದಿಲ್ಲ. ನಮ್ಮ ಹೊಟ್ಟಿಗೆ ನೆನಪರ ಇರಲಿ" ಎಂದಿದ್ದರು.

ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ನಮಾಜು ಓದಿ ಮುಗಿಸುವುದು ರೂಢಿ. ಆಪಾ ನಮ್ಮನ್ನು ಸಾಲಾಗಿ ನಿಲ್ಲಿಸಿದರು. "ಊರಿಗೆ ಹೋದ ಮ್ಯಾಲೆ ಒಬ್ಬೊಬ್ರ ನಿಂದ್ರೂದು ಇದ್ದ ಐತಿ. ಇಲ್ಲರ ಕೂಡಿ ನಿಂದ್ರೂಣು." ಹಾಗೆ ಸಂಜೆಯ ಮಗ್ರಿಬ್ ನಮಾಜನ್ನು ಅವರೇ ಓದಿಸುತ್ತಿದ್ದರು, ನಾವು ಅವರನ್ನು ಅನುಸರಿಸುತ್ತಿದ್ದೆವು. ನಾನು ಅವರ ಎಡಕ್ಕೆ. ಅವರ ಹಸಿ ತೋಳು ನನ್ನ ಬಲತೋಳಿಗೆ ತಾಗಿ ತಣ್ಣಗಾಗುತ್ತಿತ್ತು, ಮತ್ತು ಇಡೀ ದಿನದಲ್ಲಿ ಆ ಹತ್ತು ನಿಮಿಷ ಮಾತ್ರ ನನಗೆ ಯಾರ ಭಯವೂ ಇರುತ್ತಿರಲಿಲ್ಲ.

ಉಳಿದ ಹೊತ್ತೆಲ್ಲ ಭಯವೇ. ಹಾಸ್ಟೆಲಿಗೆ ಬಿಡಲು ಬಂದ ದಿನ ನಮ್ಮ ಅಬ್ಬಾ ಗೇಟಿನ ಹತ್ತಿರ ನಿಂತು ಹೇಳಿದ್ದರು: "ಒಂದ ಮಾತು, ಒಂದ ಫೋನು ನನ್ನ ಮಟಾ ಬಂತಂದ್ರ ಅವತ್ತ ಗಂಟು ಕಟಗೊಂಡು ಮನಿಗೆ ಬರಬೇಕು." ಆಪಾರ ಕಥೆ ಇನ್ನೂ ಬಿಗಿ. ಇಂಡಿ ಊರಿನ ಕಡೆಯಿಂದ ಮದುವೆಯ ಸಂಬಂಧ ಬಂದು ಮಾತೂ ಆಗಿತ್ತು. ಪರೀಕ್ಷೆಯವರೆಗೆ ಮಾತ್ರ ತಡೆಯುತ್ತೇವೆ ಎಂದಿದ್ದರು ಅವರ ಮನೆಯವರು. ಉಳಿದದ್ದು ಎರಡು ತಿಂಗಳು. ಇದು ನಮ್ಮೆಲ್ಲರಿಗೂ ಗೊತ್ತಿತ್ತು. ಆ ಎರಡು ತಿಂಗಳನ್ನು ದಾಟಿದರೆ ಕೈಯಲ್ಲಿ ಪದವಿ ಇರುತ್ತದೆ, ಆಮೇಲೆ ಏನಾದರೂ ಆಗಲಿ ಎನ್ನುತ್ತಿದ್ದರು ಆಪಾ.

ಒಂದು ಸಂಜೆ ನಾವು ಸಾಲಾಗಿ ನಿಂತದ್ದನ್ನು ಲಚ್ಯಾಣದ ಹುಡುಗಿ ಹಿಂದಿನಿಂದ ಫೋಟೋ ಹೊಡೆದು, 'ನಮ್ಮ ರೂಮಿನ ಮಂದಿ' ಎಂದು ಪ್ರೀತಿಯಿಂದ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ನೀರಿನ ಟಾಕಿಗೆ ಆನಿಸಿದ್ದ ಖರ್ಜೂರದ ಡಬ್ಬದ ರಟ್ಟು ಅದರಲ್ಲಿ ಬಿದ್ದಿತ್ತು. ಆಪಾರ ದುಂಡಗಿನ ಅಕ್ಷರದಲ್ಲಿ ಒಂದು ಸಾಲಿನ ಪ್ರಾರ್ಥನೆ: 'ಗಾಜಾದ ಮಕ್ಕಳಿಗಾಗಿ ದುವಾ'. ಮರುದಿನ ಮಧ್ಯಾಹ್ನದೊಳಗೆ ಆ ಫೋಟೋ ಯಾರಿಂದಲೋ ಯಾರಿಗೋ ಹೋಗಿ, ದೂರಾಗಿ, ವಾರ್ಡನ್ ಮೇಡಂ ಟೇಬಲ್ಲಿಗೆ ಬಂದು ಕೂತಿತ್ತು. ಲಚ್ಯಾಣದವಳು ಅತ್ತು ಅತ್ತು ಕಣ್ಣು ಊದಿಸಿಕೊಂಡಳು.

ವಾರ್ಡನ್ ಕೆಟ್ಟವರೇನಲ್ಲ. ಮೇಲಿನವರಿಗೆ ಉತ್ತರ ಕೊಡಬೇಕಾದ ಹೆಣ್ಣುಮಗಳು. ಒಬ್ಬೊಬ್ಬರನ್ನೇ ಒಳಗೆ ಕರೆದರು. ನನ್ನದು ಮೂರನೆಯ ಪಾಳಿ. ಮೊದಲಿನ ಇಬ್ಬರು ಬಾಯಿ ಬಿಟ್ಟಿರಲಿಲ್ಲ.

"ಪರ್ಮಿಷನ್ ಇಲ್ಲದ ಪ್ರೋಗ್ರಾಂ ಮಾಡೀರಿ. ಇದರ ಮುಂದಾಳು ಯಾರು ಹೇಳು, ಒಬ್ಬಾಕಿ ಮ್ಯಾಲೆ ಮುಗಸತೇನಿ. ಇಲ್ಲಂದ್ರ ಒಂಬತ್ತೂ ಮಂದಿ ಮನಿಗೆ ಫೋನ್ ಹಚ್ಚತೇನಿ."

"ಮುಂದಾಳು ಯಾರೂ ಇಲ್ರಿ ಮೇಡಂ. ಫೋಟೋ ನೋಡ್ರಿ ಬೇಕಾರ, ಯಾರರ ಮುಂದ ನಿಂತಾರೇನು?"

ಅವರು ಕನ್ನಡಕ ಏರಿಸಿ ನೋಡಿದರು. "ಅದ ನನಗೂ ತಿಳಿವಲ್ತು. ಈದ್ಗಾದಾಗ ಗಂಡಸರೊಳಗ ಒಬ್ಬರು ಮುಂದ ನಿಂತಿರ್ತಾರಲ್ಲ?"

"ಹೆಣ್ಣಮಕ್ಕಳೊಳಗ ಹಂಗ ಮುಂದ ನಿಂದ್ರೂದಿಲ್ರಿ. ಓದಸಾಕಿನೂ ಸಾಲಿನಾಗನ ನಿಂದರ್ತಾಳ, ಎಲ್ಲಾರ ಜೋಡಿ, ನಡುವ..."

ಅಲ್ಲಿಗೆ ನಿಂತೆ. ಮೇಡಂ ಪೆನ್ನಿನ ತುದಿ ಫೋಟೋದ ಮೇಲಿಟ್ಟು ಈ ಕಡೆಯಿಂದ ನಾಲ್ಕು ಎಣಿಸಿದರು, ಆ ಕಡೆಯಿಂದ ನಾಲ್ಕು ಎಣಿಸಿದರು. ನಾವು ಬಾಗಿ ಎದ್ದು ಕೈ ಇಳಿಬಿಟ್ಟ ಗಳಿಗೆಯ ಚಿತ್ರ ಅದು. ಐದನೆಯವರ ಎಡತೋಳು ಮೊಣಕೈತನಕ ಕಪ್ಪಗೆ ಕಾಣುತ್ತಿತ್ತು. ಆ ತೋಳು ಯಾರದೆಂದು ಇಡೀ ಹಾಸ್ಟೆಲಿಗೆ ಗೊತ್ತು.

"ನೀ ಹೋಗು" ಎಂದರು ಮೇಡಂ. ನಾಲ್ಕನೆಯವಳನ್ನು ಕರೆಯಲೇ ಇಲ್ಲ.

ಬಾಯಿ ತಪ್ಪಿ ಬಂದ ಮಾತು ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಕೋಣೆಯ ಹೊರಗೆ ಬಂದಾಗ ನನಗೆ ಹಗುರವಾಯಿತು. ಅಬ್ಬಾಗೆ ಫೋನು ಹೋಗುವುದಿಲ್ಲ ಎಂದು ಒಳಗೊಳಗೇ ಉಸಿರು ಬಿಟ್ಟೆ. ಆ ಒಂದು ಉಸಿರಿಗೆ ನಾನು ನನ್ನನ್ನು ಕ್ಷಮಿಸಲಾರೆ.

ಆಪಾ ವಾದ ಮಾಡಲಿಲ್ಲ. 'ಎಲ್ಲಾ ನಾನೇ ಮಾಡಿಸಿದ್ದು, ಉಳಿದವರದು ತಪ್ಪಿಲ್ಲ' ಎಂದು ಬರೆದುಕೊಟ್ಟರು. ಹಾಸ್ಟೆಲಿನ ಸೀಟು ಹೋಯಿತು. ಹೊರಗೆ ರೂಮು ಮಾಡಿಕೊಂಡು ಪರೀಕ್ಷೆ ಬರೆಯಬಹುದಿತ್ತು, ಮನೆಯವರು ಒಪ್ಪಲಿಲ್ಲ. ಮರುದಿನ ಅವರ ಅಣ್ಣ ಬಂದು ಟ್ರಂಕು ಹೊತ್ತರು. ಆಪಾ ನಮ್ಮೆಲ್ಲರ ತಲೆ ಮುಟ್ಟಿ, ಯಾರು ಹೇಳಿದ್ದೆಂದು ಯಾರನ್ನೂ ಕೇಳದೆ, "ತಾಟು ಇಡೂದು ಬಿಡಬ್ಯಾಡ್ರಿ" ಎಂದಷ್ಟೇ ಹೇಳಿ ಹೋದರು. ನಾವು ಬಿಟ್ಟೆವು. ಟೆರೇಸಿನ ಬಾಗಿಲಿಗೆ ಬೀಗ ಬಿತ್ತು, ಒಬ್ಬೊಬ್ಬರೇ ಮಂಚದ ಸಂದಿಯಲ್ಲಿ ನಮಾಜು ಓದಿಕೊಂಡೆವು. ರಂಜಾನ್ ಮುಗಿದ ಕೆಲವೇ ವಾರಗಳಲ್ಲಿ ಅವರ ನಿಕಾಹ್ ಆಯಿತು.

ನಾನು ಪಾಸಾದೆ. ಈಗ ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಬ್ಬಾ ಮಂದಿಯ ಮುಂದೆ ನನ್ನ ಹೆಸರು ಹೇಳಿ ಎದೆಯುಬ್ಬಿಸುತ್ತಾರೆ. ಇಲ್ಲಿ ರಂಜಾನಿನಲ್ಲಿ ಕೂಡಿ ನಮಾಜು ಓದುವ ಓಣಿಯ ಹೆಂಗಸರು "ಓದಿದಾಕಿ ನೀನು, ನೀನ ಓದಸವಾ" ಎಂದು ಕರೆಯುತ್ತಾರೆ. ಪ್ರತಿ ಸಲ ಗಂಟಲು ನೋವೆಂದು ಸುಳ್ಳು ಹೇಳಿ ಸಾಲಿನ ತುದಿಗೆ ನಿಲ್ಲುತ್ತೇನೆ.

ಎರಡು ವರ್ಷ ತಡೆದು, ಕಳೆದ ತಿಂಗಳು ಇಂಡಿಗೆ, ಆಪಾರ ಗಂಡನ ಮನೆಗೆ ಹೋದೆ. ಸಂದಿಯೊಳಗಿನ ಮನೆ, ಕಬ್ಬಿಣದ ಬಾಗಿಲು, ಅಂಗಳಕ್ಕೆಲ್ಲ ತಗಡು. ಆಪಾ ತೆಳ್ಳಗಾಗಿದ್ದರು. ಅವರ ಅತ್ತೆ ಚಹಾ ಕೊಟ್ಟು ಅಲ್ಲೇ ಕೂತರು. ಬಿಟ್ಟ ಪರೀಕ್ಷೆ ಬರೆಯುವುದಿಲ್ಲವೇ ಎಂದೆ. "ಕೇಳತಿರ್ತೇನಿ. ನೋಡೂಣಂತ ಅಂತಾರ" ಎಂದರು ಆಪಾ, ನಕ್ಕರು. ಅವರದೇ ಮಾತು ಅವರ ಮೇಲೆ ಬಾಗಿಲು ಹಾಕಿಕೊಂಡಿತ್ತು. ನನಗೆ ನಗಲಾಗಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಯಿತು. ವಜೂ ಮಾಡಲು ಬಚ್ಚಲ ಹತ್ತಿರ ಇಬ್ಬರೇ ಇದ್ದೆವು.

"ಆಪಾ, ಅವತ್ತ ವಾರ್ಡನ್ ಮುಂದ ನಾನ..."

"ಗೊತ್ತೈತಿ. ನಡುವ ನಿಂತಾಕಿನ್ನ ಎಣಿಸಬೇಕಂದ್ರ ನಮ್ಮವರ ಯಾರರ ಹೇಳಿರಬೇಕಲ್ಲ. ಅವತ್ತ ಸಂಜಿಗೆ ನೀ ನನ್ನ ಬಾಜೂ ನಿಂದ್ರದ ತುದಿಗೆ ಹೋಗಿ ನಿಂತಿ."

"ಮತ್ತ ಯಾಕ ಏನೂ ಅನ್ನಲಿಲ್ಲರಿ?"

"ಅಂದು ಏನ ಮಾಡಲಿ? ಒಬ್ರರ ಪಾಸ್ ಆಗಬೇಕಿತ್ತು." ತಂಬಿಗೆಗೆ ನೀರು ತುಂಬಿಕೊಂಡರು. "ಸಿಟ್ಟು ಬಂದಿತ್ತು ತಂಗಿ. ಈಗೂ ಒಮ್ಮೊಮ್ಮೆ ಬರತೈತಿ. ಸುಳ್ಳ್ಯಾಕ ಹೇಳಲಿ?"

ಹಾಗೆಂದು ಎಡಗೈಯನ್ನು ನನ್ನ ಮುಂದೆ ಚಾಚಿದರು. "ಮಡಚು."

ಮಡಚಿದೆ. ಒಂದು, ಎರಡು, ಮೂರು ಮಡಿಕೆ. ರೂಢಿಯಿಲ್ಲದ ಕೈ, ಬಿಗಿಯಾಗಿ ಕೂರಲಿಲ್ಲ. ನೀರು ಹಾಕಿಕೊಂಡಾಗ ಎಂದಿನಂತೆ ಇಳಿದು ತೋಯಿತು.

ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ನಮಾಜಿನ ಹಾಸು ಜಾನಿಮಾಜ್ ಹಾಸಿ, ನನ್ನನ್ನು ಎಡಕ್ಕೆ ನಿಲ್ಲಿಸಿ, ತಾವು ಬಲಕ್ಕೆ ಬಂದರು. ಇಬ್ಬರೇ ಇದ್ದಾಗ ಓದಿಸುವವರು ಎಡಕ್ಕೆ ನಿಲ್ಲಬೇಕು.

"ಆಪಾ, ನಾನಲ್ಲ. ನನಗ ಆಗೂದಿಲ್ಲ."

"ಇಬ್ಬರೊಳಗ ನಡುವು ಇರೂದಿಲ್ಲ. ಯಾರೂ ಎಣಿಸೂದಿಲ್ಲ. ಓದಸು."

ಹಸಿ ತೋಳು ನನ್ನ ತೋಳಿಗೆ ತಾಗಿತು, ಹಾಸ್ಟೆಲಿನಲ್ಲಿ ತಾಗುತ್ತಿದ್ದಂತೆಯೇ ತಣ್ಣಗೆ. ಅಸರ್ ನಮಾಜನ್ನು ಓದಿಸುವವರು ಒಳಗೊಳಗೇ ಓದಬಹುದು. ಆದರೆ ಮೊದಲ 'ಅಲ್ಲಾಹು ಅಕ್ಬರ್' ಪಕ್ಕದವರಿಗೆ ಕೇಳುವಂತೆ ಹೇಳಲೇಬೇಕು. ನನಗೆ ದನಿ ಹೊರಡಲಿಲ್ಲ. ಹೊರಗೆ ಅತ್ತೆ ಎರಡು ಸಲ ಕರೆದರು. ಆಪಾ ಓಗೊಡಲಿಲ್ಲ, ಕದಲಲಿಲ್ಲ. ನಾನು ಬಾಯಿ ತೆರೆಯುವವರೆಗೆ ಹಾಗೇ ನಿಂತಿದ್ದರು.