ಮೇಷ್ಟ್ರ ರೇಸ್ ಸೈಕಲ್ಲು

ನಾನು ಕುಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೇ ಕಾಲದ ರೇಸ್ ಸೈಕಲ್ಲು ಮಾಡಿದವರು ನನ್ನಂಥವರೂ ಭೂಮಿಯ ಮೇಲಿದ್ದಾರೆ ಅಂತ ಯೋಚಿಸಿದ ಹಾಗೇ ಕಾಣುವುದಿಲ್ಲ. ಬಗ್ಗಿದ ಹ್ಯಾಂಡಲ್ಲಿನ, ತೆಳು ಉಕ್ಕಿನ ಕೊಳವೆಗಳ ಆ ಸೈಕಲ್ಲು ಎಲ್ಲಿ ಸಿಕ್ಕರೂ ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಅದರ ಬಾರು ನನ್ನ ಸೊಂಟದ ಹತ್ತಿರ ಬರುತ್ತದೆ. ಚಿಂತಾಮಣಿಯಲ್ಲಿ ಒಂದು, ಶಿಡ್ಲಘಟ್ಟದಲ್ಲಿ ಒಂದು, ಅಲೀಪುರದಲ್ಲಿ ಎರಡು ನೋಡಿ, ಕಾಲು ನೆಲಕ್ಕೆ ಎಟುಕದೆ ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದಿದ್ದೆ. ಹೊಸದೇ ತಗೋ ಅಂತ ಮನೆಯವರು ಹೇಳುತ್ತಲೇ ಇದ್ದರು. ಹೊಸದು ನನಗೆ ಬೇಡ. ಯಾಕೆ ಬೇಡ ಅಂತ ಕೇಳಿದರೆ ನನಗೆ ಸಿಟ್ಟು ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಬೆಳಿಗ್ಗೆ ಸೈಕಲ್ ತುಳಿಯುವ ನಮ್ಮದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಹೋದ ವರ್ಷ ಒಂದು ಫೋಟೋ ಬಂತು. ಹಸಿರು ಬಣ್ಣದ ಸೈಕಲ್ಲು, ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದು. ಸೀಟಿನ ಕೆಳಗೆ ಫ್ರೇಮು ಎಷ್ಟು ಗಿಡ್ಡ ಇತ್ತೆಂದರೆ ಅದು ನನಗೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ಮಾರುವವರು ವಿದುರಾಶ್ವತ್ಥದಿಂದ ಇನ್ನೂ ಸ್ವಲ್ಪ ಮುಂದಿನ ಹಳ್ಳಿಯ ನಿವೃತ್ತ ಪಿ.ಟಿ. ಮೇಷ್ಟ್ರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಭಾನುವಾರ ರಜೆ. ಚೀಲದಲ್ಲಿ ಒಂದು ಟಾರ್ಚು, ಹಳೇ ಬಟ್ಟೆ, ಎರಡು ಸ್ಪ್ಯಾನರ್ ಹಾಕಿಕೊಂಡು ಗೌರಿಬಿದನೂರಿನ ಬಸ್ಸು ಹತ್ತಿದೆ.

ಮೇಷ್ಟ್ರಿಗೆ ಎಪ್ಪತ್ತು ದಾಟಿತ್ತು. ನನ್ನಷ್ಟೇ ಎತ್ತರ. ನೋಡಿದ ಕೂಡಲೇ ನನಗೆ ಅವರ ಮೇಲೆ ಪ್ರೀತಿ ಬಂತು. ಹರೆಯದಲ್ಲಿ ಸೈಕಲ್ಲನ್ನು ಬೆಂಗಳೂರಿನ ರೇಸುಗಾರನೊಬ್ಬನಿಂದ ಕೊಂಡಿದ್ದಂತೆ. ಈಗ ಬಗ್ಗಿ ಹ್ಯಾಂಡಲ್ ಹಿಡಿದರೆ ಕತ್ತು ನೋಯುತ್ತದಂತೆ. ಆದರೂ ದಿನಾ ಬೆಳಿಗ್ಗೆ ಅದರಲ್ಲೇ ತೋಟಕ್ಕೆ ಹೋಗುತ್ತಿದ್ದರು. ಮನೆ ಇದ್ದದ್ದು ಕೆರೆ ಏರಿಯ ಈ ಕಡೆ. ಏರಿ ಹತ್ತಿ, ಆ ಕಡೆಯ ಕಡಿದಾದ ಇಳಿಜಾರು ಇಳಿದರೆ ಅವರ ಹಿಪ್ಪುನೇರಳೆ ತೋಟ.

"ಏಮ್ಮಾ, ಕಾಫೀ ತಾಗುತಾವಾ?" ಕಾಫಿ ಕುಡಿಯುತ್ತೀಯಾ ಅಂತ ಅವರ ಹೆಂಡತಿ ತೆಲುಗಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಸೈಕಲ್ಲು ಹತ್ತಿದೆ. ಎರಡೂ ಕಾಲು ನೆಲಕ್ಕೆ ಎಟುಕಿದವು. ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಕೈ ಬಿಟ್ಟರೂ ನೆಟ್ಟಗೆ ಹೋಗುತ್ತಿತ್ತು, ಅಂದರೆ ಫ್ರೇಮು ಸೊಟ್ಟ ಇಲ್ಲ. ಪೆಡಲ್ ಹಿಡಿದು ಅಲ್ಲಾಡಿಸಿದೆ, ಸಡಿಲ ಇಲ್ಲ. ಚಕ್ರ ಎತ್ತಿ ತಿರುಗಿಸಿದೆ, ರಿಮ್ಮು ಬ್ರೇಕಿಗೆ ಎಲ್ಲೂ ತಾಗಲಿಲ್ಲ. ಸೀಟಿನ ಕಂಬ ಎಷ್ಟೋ ಹಳೇ ಸೈಕಲ್ಲುಗಳಲ್ಲಿ ತುಕ್ಕು ಹಿಡಿದು ಕೊಳವೆಗೇ ಅಂಟಿಕೊಂಡಿರುತ್ತದೆ. ಇದರಲ್ಲಿ ಸಲೀಸಾಗಿ ಮೇಲೆ ಬಂತು. ನನಗೆ ಕುಣಿಯಬೇಕು ಅನ್ನಿಸಿತು.

ಆದರೆ ಕುಣಿಯುವ ಹಾಗಿಲ್ಲ. ನಮ್ಮ ತಂದೆ ಜಂಗಮಕೋಟೆಯವರು, ಹಸು ಕೊಳ್ಳುವುದರಲ್ಲಿ ಪಳಗಿದ ಕೈ. ಹಸು ಎಷ್ಟು ಮನಸ್ಸಿಗೆ ಹಿಡಿಸುತ್ತದೋ ಅಷ್ಟು ಹೆಚ್ಚು ಹಳಿಯುತ್ತಿದ್ದರು. ಕಾಲು ವಾರೆ, ಕೆಚ್ಚಲು ಸಣ್ಣದು, ಕಣ್ಣಿನಲ್ಲಿ ಕಳೆ ಇಲ್ಲ. ಮಾರುವವನೂ ಮುನಿಸಿಕೊಳ್ಳುತ್ತಿರಲಿಲ್ಲ. ನಮ್ಮ ಕಡೆ ವ್ಯಾಪಾರ ಅಂದರೆ ಅದೇ. ಇಲ್ಲದ ಐಬು ಎತ್ತಬೇಕು, ಅವನು ಇಲ್ಲ ಅನ್ನಬೇಕು, ಆಮೇಲೆ ಇಬ್ಬರೂ ಎಲ್ಲೋ ಒಂದು ಕಡೆ ಕೂಡಬೇಕು. ತರಕಾರಿಯಿಂದ ಸೈಟಿನವರೆಗೆ ನಾನೂ ಹಾಗೇ ಕೊಂಡವಳು. ನಾಲಿಗೆ ತಾನಾಗಿಯೇ ಶುರುಮಾಡಿತು.

"ಬಣ್ಣ ಪೂರಾ ಹೋಗಿದೆ ಮೇಷ್ಟ್ರೇ," ಅಂದೆ. ಬಣ್ಣ ಹೊಳೆಯುತ್ತಿತ್ತು.

"ಮಳೇಲಿ ಒಂದು ದಿನ ನೆನೆಸಿಲ್ಲ ಕಣಮ್ಮ."

"ಗೇರ್ ಬೀಳೋದೇ ಕಷ್ಟ."

"ನಿಂಗೆ ಹಾಕೋಕೆ ಬರಲ್ಲ ಅನ್ನು."

"ಈ ಸೈಜಿಂದು ಯಾರು ತಗೋತಾರೆ? ಮಕ್ಕಳ ಸೈಕಲ್ ಇದ್ದಂಗಿದೆ."

"ನಾನು ತಗೊಂಡಿದ್ನಲ್ಲ. ನಾನೇನು ಮಗುನಾ?"

ಅವರಿಗೂ ಖುಷಿಯಾಗುತ್ತಿತ್ತು. ಕೇಳಿದ್ದು ಹನ್ನೆರಡು ಸಾವಿರ, ಹನ್ನೊಂದಕ್ಕೆ ಇಳಿದರು. ಇನ್ನೊಂದು ಐಬು ಸಿಕ್ಕರೆ ಹತ್ತಕ್ಕೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿ, ಮುಂದಿನ ಚಕ್ರದ ಎದುರು ಕುಕ್ಕರುಗಾಲಿನಲ್ಲಿ ಕೂತೆ. ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲಿಗೆ ಫೋರ್ಕು ಅನ್ನುತ್ತಾರೆ. ಅದರ ನೆತ್ತಿಯಲ್ಲಿ ಮಣ್ಣು ಮೆತ್ತಿಕೊಂಡಿತ್ತು. "ಇಲ್ಲೆಲ್ಲಾ ತುಕ್ಕು" ಅನ್ನಲು ಬಾಯಿ ತೆರೆದುಕೊಂಡೇ ಬಟ್ಟೆಯಿಂದ ಒರೆಸಿದೆ. ಕೂದಲೆಳೆಯಷ್ಟು ಸಣ್ಣ ಕಂದು ಗೆರೆಯೊಂದು ಕಂಡಿತು. ಟಾರ್ಚು ಬಿಟ್ಟೆ. ಗೆರೆ ಹಿಂಬದಿಗೂ ಹೋಗಿತ್ತು.

ಬಾಯಿ ಮುಚ್ಚಿತು.

"ಸೀಮೆಎಣ್ಣೆ ಇದೆಯಾ? ಒಂದು ಚೂರು ಸೀಮೆಸುಣ್ಣ?" ಅಂದೆ. ಚೈನು ತೊಳೆಯಲು ಇಟ್ಟುಕೊಂಡಿದ್ದ ಎಣ್ಣೆ ಸೀಸೆಯನ್ನು ಮೇಷ್ಟ್ರು ತಂದರು. ಸೀಮೆಸುಣ್ಣ ಅವರ ಅಂಗಿಯ ಜೇಬಿನಲ್ಲೇ ಇತ್ತು, ನಿವೃತ್ತರಾಗಿ ಅಷ್ಟು ವರ್ಷವಾದ ಮೇಲೂ. ಗೆರೆಯ ಮೇಲೆ ಎಣ್ಣೆ ಸವರಿ, ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಉಜ್ಜಿದೆ. ಬರೀ ಬಣ್ಣ ಬಿರಿದಿದ್ದರೆ ಸುಣ್ಣ ಬಹುಪಾಲು ಬೆಳ್ಳಗೇ ಉಳಿಯುತ್ತದೆ. ಲೋಹವೇ ಸೀಳಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆದ್ದು ಬರುತ್ತದೆ. ನಾವು ನೋಡುತ್ತಿದ್ದ ಹಾಗೇ ಬಿಳೀ ಪುಡಿಯ ಮೇಲೆ ಒದ್ದೆ ಗೆರೆ ಎದ್ದಿತು. ಫೋರ್ಕಿನ ಅರ್ಧ ಸುತ್ತು.

"ಮೇಷ್ಟ್ರೇ, ಇದು ಒಡೆದಿದೆ. ಇನ್ಮೇಲೆ ಇದನ್ನ ತುಳೀಬೇಡಿ."

ಅವರು ಬಗ್ಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿ ನಕ್ಕರು.

"ಭಲೇ ಇದ್ದೀಯಮ್ಮ. ವಿಜ್ಞಾನ ಬೇರೆ ತಂದುಬಿಟ್ಟೆ. ಆಯ್ತು, ಹತ್ತೂವರೆ."

"ರೇಟಿಗೆ ಹೇಳ್ತಿಲ್ಲ."

"ಹತ್ತು. ಅದಕ್ಕಿಂತ ಕೆಳಗೆ ಬರಲ್ಲ. ಬೇಡ ಅಂದ್ರೆ ಬಿಡು, ನಾಳೆ ಬೆಳಿಗ್ಗೆ ನಾನೇ ತುಳ್ಕೊಂಡು ತೋಟಕ್ಕೆ ಹೋಗ್ತೀನಿ."

ನನಗೆ ರೇಗಿಹೋಯಿತು. "ಹೋಗಿ! ಏರಿ ಇಳಿಯೋವಾಗ ಬ್ರೇಕ್ ಹಿಡೀರಿ, ಚಕ್ರ ಒಂದು ಕಡೆ, ನೀವೊಂದು ಕಡೆ. ಇರೋ ಹಲ್ಲೂ ಹೋಗುತ್ತೆ!" ಹಿರಿಯರಿಗೆ ಆಡುವ ಮಾತಲ್ಲ. ಅವರು ಅದಕ್ಕೂ ನಕ್ಕರು. ಹಸು ಸಂತೆಯಲ್ಲಿ ಇದಕ್ಕಿಂತ ಜೋರಾಗಿ ಕೂಗಾಡುವವರನ್ನು ಅವರು ನೋಡಿದ್ದರು. ಅವರ ಹೆಂಡತಿಯೂ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆ ಅಂಗಳದಲ್ಲಿ ನಗು ಬಾರದೆ ನಿಂತಿದ್ದವಳು ನಾನೊಬ್ಬಳೇ.

ಅವರನ್ನು ಬೈದು ಏನು ಪ್ರಯೋಜನ? ಮೂರು ಸುಳ್ಳು ಹೇಳಿದವಳು ನಾನು. ನಾಲ್ಕನೆಯದು ನಿಜ, ನಂಬಿ ಅಂದರೆ ಯಾರು ನಂಬುತ್ತಾರೆ? ಎದ್ದು ಬಸ್ಸಿಗೆ ಹೋಗಬಹುದಿತ್ತು. ಹೇಳುವುದು ಹೇಳಿದ್ದಾಯಿತು, ಕೇಳದಿದ್ದರೆ ಅವರ ಹಣೆಬರಹ ಅಂತ ಅಂದುಕೊಳ್ಳಬಹುದಿತ್ತು. ಹಾಗೆ ಅಂದುಕೊಳ್ಳಲು ಒಂದು ಸಲ ಪ್ರಯತ್ನವನ್ನೂ ಮಾಡಿದೆ. ಅಷ್ಟರಲ್ಲಿ ಮೇಷ್ಟ್ರು ಸೈಕಲ್ಲಿನ ಮೇಲಿದ್ದ ಸುಣ್ಣವನ್ನು ಪಂಚೆಯ ತುದಿಯಿಂದ ಒರೆಸತೊಡಗಿದರು. ಗೆರೆ ಮಾಯವಾಯಿತು. ಸೈಕಲ್ಲು ಮತ್ತೆ ಹೊಳೆಯುತ್ತ ನಿಂತಿತು.

ಫೋನು ತೆಗೆದೆ. "ನಂಬರ್ ಹೇಳಿ ಮೇಷ್ಟ್ರೇ. ಹನ್ನೆರಡು ಹಾಕ್ತೀನಿ."

"ಹತ್ತು ಅಂದೆನಲ್ಲ."

"ನೀವು ಮೊದಲು ಕೇಳಿದ್ದು ಹನ್ನೆರಡು. ಹನ್ನೆರಡೇ ಕೊಡ್ತೀನಿ. ಫೋರ್ಕನ್ನ ಗೌರಿಬಿದನೂರಲ್ಲಿ ಇಳಿದ ತಕ್ಷಣ ಗುಜರಿಗೆ ಹಾಕ್ತೀನಿ. ನೀವು ಇದನ್ನ ತುಳೀಬಾರದು ಅಷ್ಟೇ."

ಸತ್ಯ ಹೇಳಬೇಕೆಂದರೆ ಅದರಲ್ಲಿ ನನ್ನ ಆಸೆಯೂ ಇತ್ತು. ಬೇರೆ ಫೋರ್ಕು ಹುಡುಕಬಹುದು ಅಂತ ಮನಸ್ಸಿನ ಮೂಲೆಯಲ್ಲಿ ಒಂದು ಲೆಕ್ಕ ನಡೆಯುತ್ತಲೇ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಫೋನು ತೆಗೆದದ್ದು ಆ ಆಸೆಗಲ್ಲ.

ಮೇಷ್ಟ್ರ ನಗು ನಿಂತಿತು. ನನ್ನ ಫೋನು ನೋಡಿದರು, ನನ್ನ ಮುಖ ನೋಡಿದರು. ಇಳಿಸಿದ ಬೆಲೆಯನ್ನು ತಾನಾಗಿ ಏರಿಸುವ ಗಿರಾಕಿಯನ್ನು ಅವರು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ನಾನೂ ಕಂಡಿಲ್ಲ. ನಿಧಾನವಾಗಿ ಕೂತು, ಫೋರ್ಕಿನ ನೆತ್ತಿಯ ಮೇಲೆ ಉಗುರಿನಿಂದ ಗೀರಿದರು. ಉಗುರು ಒಂದು ಕಡೆ ತಡೆಯಿತು. ಮತ್ತೆ ಗೀರಿದರು. ಮತ್ತೆ ಅಲ್ಲೇ ತಡೆಯಿತು.

"ನಿಜವೇನಮ್ಮ?" ಅಂದರು.

"ನಿಜ ಮೇಷ್ಟ್ರೇ."

ಬಾಗಿಲ ಕಡೆ ಒಂದು ಸಲ ತಿರುಗಿ ನೋಡಿ, ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ನಿನ್ನೆ ಸಂಜೆ ಮಗಳ ಕೂಸನ್ನ ಈ ಬಾರ್ ಮೇಲೆ ಕೂರಿಸ್ಕೊಂಡು ಏರಿ ಇಳಿದೆ ಕಣಮ್ಮ. ಇನ್ನೂ ಜೋರು ತಾತ, ಇನ್ನೂ ಜೋರು ಅಂತಿತ್ತು."