ತಲೆ ಬದಲಾದ ತಗಡು

ನ್ಯೂರೆಂಬರ್ಗಿನ ಯೋಬ್ಸ್ಟ್ ಕ್ರೆನ್ನರ್ ಮೂವತ್ತು ವರ್ಷ ಚಿತ್ರ ಅಚ್ಚುಹಾಕುವ ತಾಮ್ರದ ತಗಡಿನ ಮೇಲೆ ಪಾದ್ರಿಗಳನ್ನೇ ಕೊರೆದ. ಕುದುರೆ ಕೊರೆದರೂ ಅದು ಉಪದೇಶಕ್ಕೆ ನಿಂತಂತೆ ಕಾಣುತ್ತಿತ್ತು. ಪಾದ್ರಿಗಳಾದರೆ ಒಂದು ಅನುಕೂಲ: ಕತ್ತಿನಿಂದ ಕೆಳಗೆ ಎಲ್ಲರೂ ಒಂದೇ. ಅದೇ ಕರಿ ನಿಲುವಂಗಿ, ಬಂಡಿಗಾಲಿಯಷ್ಟಗಲದ ಅದೇ ನೆರಿಗೆ ಕಾಲರು, ಬೈಬಲ್ಲಿನ ಮೇಲೆ ಅದೇ ಕೈ. ಒಬ್ಬರು ತೀರಿಕೊಂಡರೆ ಹಳೇ ತಗಡಿನ ಮುಖವನ್ನಷ್ಟೇ ಹೆರೆದು, ತಗ್ಗಾದದ್ದನ್ನು ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಸಮಮಾಡಿ, ಮುಂದಿನವರನ್ನು ಕೊರೆಯುತ್ತಿದ್ದ.

ಪಾದ್ರಿ ಎಬ್ನರ್ ಜ್ವರದಲ್ಲಿ ಹೋದಾಗ ಅವರ ತಗಡು ಸಿದ್ಧವಿತ್ತು. ಒಂದು ಹಾಳೆಯೂ ಅಚ್ಚಾಗಿರಲಿಲ್ಲ. ಅವರ ಹೆಂಡತಿ ಕುನಿಗುಂಡ ಬಂದಳು.

"ಒಂದೇ ಒಂದು ಹಾಳೆ ಹಾಕ್ಕೊಡಿ ಯಜಮಾನ್ರೇ. ಅವರ ಮುಖ ಬೇರೆಲ್ಲೂ ಇಲ್ಲ."

"ನಾಳೆ ಬನ್ನಿ ಅಮ್ಮೋರೇ. ಮಸಿ ಗಟ್ಟಿಯಾಗ್ಬಿಟ್ಟಿದೆ."

ಮಸಿಗೆ ಏನೂ ಆಗಿರಲಿಲ್ಲ. ಒಳಗೆ ಸಾಸೇಜು, ಹುಳಿ ಎಲೆಕೋಸು ಆರುತ್ತಿತ್ತು.

ಊಟ ಮುಗಿಯುವಷ್ಟರಲ್ಲಿ ಹೊಸ ಪಾದ್ರಿ ಫೋಯ್ಟ್ ಬಂದರು. ಎಬ್ನರರ ಪೀಠ, ಮನೆ, ಕೋಳಿಗಳು ಆಗಲೇ ಅವರ ಪಾಲಾಗಿದ್ದವು.

"ಅಂಗಿ, ಕಾಲರು ಚೆನ್ನಾಗಿದೆಯಲ್ಲೋ. ತಲೆ ಒಂದು ಬದಲಾಯಿಸು, ಸಾಕು."

"ಪಾದ್ರಿಯಮ್ಮ ಒಂದು ಹಾಳೆ ಕೇಳಿದ್ರು ಅಯ್ಯನೋರೇ..."

"ಸತ್ತೋನು ದೇವರ ಮುಖ ನೋಡ್ತಿದಾನೆ. ಅವನ ಮುಖ ಯಾರಿಗೆ ಬೇಕು? ಹೆರಿ, ನಾನು ನೋಡ್ಬೇಕು."

ದೊಡ್ಡವರು ಎದುರು ನಿಂತರೆ ನಮ್ಮಂಥವರ ಕೈ ತಲೆಗಿಂತ ಮುಂದೆ ಓಡುತ್ತದೆ. ಯೋಬ್ಸ್ಟ್ ಹೆರೆದ.

ಮರುದಿನ ಕುನಿಗುಂಡ ಹಸಿ ಹಾಳೆಯ ಮೇಲೆ ಫೋಯ್ಟರನ್ನು ಕಂಡಳು. ಆಮೇಲೆ ಬೈಬಲ್ಲಿನ ಮೇಲಿನ ಕೈ ಮುಟ್ಟಿದಳು.

"ಸೊಟ್ಟ ಕಿರುಬೆರಳು! ಬಾಗಿಲಿಗೆ ಸಿಕ್ಕಿದ್ದು. ಇದು ನಮ್ಮೋರ ಕೈ. ಕೈಯನ್ನಾದ್ರೂ ಕತ್ತರಿಸಿ ಕೊಡಿ."

ಚಿತ್ರದಲ್ಲಿ ಸುಳ್ಳು ಬೇಡವೆಂದು ಎಬ್ನರ್ ಹಟಮಾಡಿ ಕೊರೆಸಿದ ಬೆರಳದು. ಅವಸರದಲ್ಲಿ ಯೋಬ್ಸ್ಟ್ ಅದನ್ನು ಹೆರೆಯಲು ಮರೆತಿದ್ದ.

"ಈ ಹಾಳೆ ಅಯ್ಯನೋರಿಗೆ ತೋರಿಸ್ಬೇಕು ಅಮ್ಮೋರೇ. ನಾಳೆ ಬನ್ನಿ, ಇನ್ನೊಂದು ಹಾಕ್ಕೊಡ್ತೀನಿ."

ಫೋಯ್ಟರಿಗೆ ಹಾಳೆಯಲ್ಲಿ ಮೊದಲು ಕಂಡದ್ದೇ ಆ ಬೆರಳು. "ನನ್ನ ಕೈಯೇನು ಊನವೇನೋ?"

ಮೂರನೇ ದಿನ ಕಿರುಬೆರಳು ಮೇಣದಬತ್ತಿಯಂತೆ ನೆಟ್ಟಗಿತ್ತು. ಕುನಿಗುಂಡ ಅಳಲಿಲ್ಲ. ಕಾಲರಿನ ಒಂದೊಂದು ನೆರಿಗೆಯ ಮೇಲೂ ಬೆರಳಾಡಿಸಿದಳು.

"ಹೋಗ್ಲಿ ಬಿಡಿ. ಇದಕ್ಕೆ ಗಂಜಿ ಹಾಕಿ ನೆರಿಗೆ ಹಿಡಿದೋಳು ನಾನೇ. ಇದಾದ್ರೂ ಉಳೀತು."

ಯೋಬ್ಸ್ಟ್ ಆ ವಾರದಲ್ಲಿ ಆಡಿದ ಏಕೈಕ ನಿಜ ಬಾಯಿಂದ ಜಾರಿತು:

"ಅದು ನಿಮ್ಮೋರಿಗಿಂತ ಹಿಂದಿನೋರ್ದು ಅಮ್ಮೋರೇ."